ದ್ರಾಕ್ಷಿ ಸೀಮೆಯಲ್ಲಿ ಭಾವನವರ ಪರೀಕ್ಷೆ

ಸೆಪ್ಟೆಂಬರ್ ೯
ಮೊದಲನೇ ಲಾಡ್ಜು

ಅಕ್ಕ,

ಮನೆ ಬಿಟ್ಟು ಒಂಬತ್ತು ಗಂಟೆಯಾಯಿತು. ನಿನ್ನ ಗಂಡನಿಗೂ ನಿನ್ನ ತಮ್ಮನಿಗೂ ಇನ್ನೂ ಮಾತು ನಿಂತಿಲ್ಲ. ಇದನ್ನೇ ಕ್ಷೇಮ ಸಮಾಚಾರ ಅಂತ ತಿಳಿದುಕೋ.

ಫೋನ್ ಇರುವಾಗ ಕಾಗದ ಯಾಕೆ ಅಂತ ಮುಖ ಗಂಟಿಕ್ಕಬೇಡ. ಯಾರ ಫೋನಿಗೆ ಕರೆ ಬಂದರೂ ಭಾವನವರೇ ಎತ್ತಿ, ಸ್ಪೀಕರ್ ಹಾಕಿ ಹೋಟೆಲಿನ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟು, ಕೈ ಕಟ್ಟಿಕೊಂಡು ಕೇಳುತ್ತಾರೆ. ಮಧ್ಯಾಹ್ನ ನೀನು 'ಬನಿಯನ್ನು ಕೆಳಗಿನ ಖಾನೆಯಲ್ಲಿದೆ ಕಣ್ರೀ' ಅಂದದ್ದನ್ನು ಅಪರಿಚಿತರಾದ ಹದಿನೆಂಟು ಜನ ಕೇಳಿ, ಸರಿ ಅಂತ ತಲೆಯಾಡಿಸಿದರು. ಗುಟ್ಟೇನಾದರೂ ಇದ್ದರೆ ಕಾಗದವೇ ಗತಿ. ನಾವು ತಂಗುವ ಲಾಡ್ಜುಗಳ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಸಿ ಬಂದಿದ್ದೇನೆ. ಟಪಾಲಿಗೆ ಎರಡು ದಿನ ಸಾಕು.

ಇನ್ನು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಯಾಕೆಂದರೆ ನನ್ನ ಅಂಕಣದ ಮೊದಲ ಪ್ಯಾರಾ ಇದೇ, ನಿನ್ನ ಮೇಲೆ ಪ್ರಯೋಗ ಮಾಡುತ್ತಿದ್ದೇನೆ. ಕಾರಿನಲ್ಲಿ ಇಬ್ಬರು ಮಹಾಪುರುಷರು. ಸ್ಟಿಯರಿಂಗ್ ಹಿಡಿದವನು ವಾರಪತ್ರಿಕೆಯ ನಗೆ ಅಂಕಣಕಾರ. ದ್ರಾಕ್ಷಿ ತೋಟಗಳ ಸೀಮೆಯಲ್ಲಿ ಎರಡು ವಾರ ಹೋಟೆಲಿನಿಂದ ಹೋಟೆಲಿಗೆ ತಿಂದು, ತಿಂದದ್ದನ್ನು ಬರೆಯಲು ಸಂಪಾದಕರಿಂದ ನೇಮಕಗೊಂಡವನು. ನಕ್ಷೆ ಹಿಡಿದವರು, ಮೂವತ್ತಾರು ವರ್ಷ ಒಂದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದು ಒಂದು ಆರ್ಡರನ್ನೂ ಚೀಟಿಯಲ್ಲಿ ಬರೆದುಕೊಳ್ಳದ ಭಾವನವರು. ಆ ಹೋಟೆಲು ಮುಚ್ಚಿ ಎರಡು ವರ್ಷ. ಈಗ ನಮ್ಮ ದಾರಿಯ ಕಟ್ಟಕಡೆಯ ತೋಟದ ಒಡತಿ ಅಲ್ಲೊಂದು ಹೋಟೆಲು ತೆರೆಯುತ್ತಿದ್ದಾರೆ. ಹೊಸ ಸಪ್ಲೈಯರ್‌ಗಳಿಗೆ ಕೆಲಸ ಕಲಿಸಲು ಭಾವನವರೇ ಬೇಕು ಅಂತ ಆಕೆಯ ಹಟ. ಮೊದಲು ಕಣ್ಣಾರೆ ನೋಡೋಣ ಅಂತ ಆಕೆಯ ಪಾಲುದಾರನ ಹಟ. ಹದಿನೆಂಟನೇ ತಾರೀಕು ಮಧ್ಯಾಹ್ನ ಒಂದು ಮೇಜು, ಹನ್ನೆರಡು ಜನ, ಚೀಟಿ ಇಲ್ಲ, ತಪ್ಪೂ ಇರಕೂಡದು. ಪಾಸಾದರೆ ಕೆಲಸ.

ಇವತ್ತು ಊಟಕ್ಕೆ ನಿಲ್ಲಿಸಿದ ಕಡೆ ಸಪ್ಲೈಯರ್ ಪುಸ್ತಕ ತೆಗೆದು ಬರೆದುಕೊಂಡ. ಭಾವನವರು ಅವನನ್ನು, ಹಾಳಾಗುತ್ತಿರುವ ಸಂಬಂಧಿಕನನ್ನು ನೋಡುವ ಹಾಗೆ ನೋಡಿದರು.

'ಬರ್ಕೊಳ್ಳೋನು ಕಾಗದ ನೋಡ್ತಾನೆ, ಗಿರಾಕಿನ ನೋಡಲ್ಲ.'

'ನೀವು ಮುಖ ನೋಡಿ ನೆನಪಿಟ್ಕೋತಿದ್ರಾ ಭಾವ?'

'ಮುಖಾನಾ? ಕನ್ನಡಕ ತೆಗೆದ್ರೆ ಮುಖವೇ ಬೇರೆ ಆಗುತ್ತೆ. ಕುರ್ಚಿ ನೋಡಬೇಕಪ್ಪ. ಬಾಗಿಲಿಗೆ ಹತ್ತಿರದ್ದು ಒಂದು. ಅಲ್ಲಿಂದ ಗಡಿಯಾರದ ಮುಳ್ಳು ಹೋದ ಹಾಗೆ ಎರಡು, ಮೂರು. ಒಂದನೇ ಕುರ್ಚಿಗೆ ಮೀನು, ಎರಡನೇ ಕುರ್ಚಿಗೆ ಚೀಸು. ಕೂತವರು ಯಾರಾದ್ರೆ ನನಗೇನು?'

ಸೂಪು ಅವರಿಗೆ ಎಷ್ಟು ಹಿಡಿಸಿತೆಂದರೆ ಎರಡು ಸಲ ತರಿಸಿಕೊಂಡರು. ಹೊಲಿಗೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಮುರಿದುಕೊಂಡೆಯಲ್ಲ, ಆ ಕಾಲಿನ ಪ್ಲಾಸ್ಟರ್ ಮೇಲೆ ಯಾರಿಗೂ ಬರೆಯಲು ಬಿಡಬೇಡ. ಮೊದಲ ಸಹಿ ನನ್ನದು.

ನಿನ್ನ,
ಗುಂಡ


ಸೆಪ್ಟೆಂಬರ್ ೧೧
ಮನೆ

ಗುಂಡ,

ತಡವಾಯಿತು. ಅಂಗಡಿಯಲ್ಲಿ ಹೊಲಿಯುವ ಹುಡುಗಿ ಆಗಲೇ ನನ್ನ ಪ್ಲಾಸ್ಟರ್ ಮೇಲೆ ಗಿರಾಕಿಯ ಸೊಂಟದ ಅಳತೆ ಬರೆದಿದ್ದಾಳೆ. ಕೈಗೆ ಬೇರೇನೂ ಸಿಗಲಿಲ್ಲವಂತೆ.

ನಿನ್ನ ಭಾವ ಸೂಪು ಎರಡು ಸಲ ತರಿಸಿಕೊಂಡರು ಅಂದೆಯಲ್ಲ, ಎರಡರ ಮಧ್ಯೆ ಎಷ್ಟು ಹೊತ್ತಾಗಿತ್ತು? ಸುಮ್ಮನೆ ಕೇಳಿದೆ. ಅವರಿಗೆ ಹೊಟ್ಟೆ ಉಬ್ಬರ ಬರುತ್ತೆ.

ಲಾಡ್ಜಿನಲ್ಲಿ ಬಾಗಿಲಿಗೆ ನೀನೇ ಬೀಗ ಹಾಕು, ಕೀ ನಿನ್ನ ದಿಂಬಿನ ಕೆಳಗಿರಲಿ. ಅವರು ಸ್ನಾನ ಮುಗಿಸಿ ಬಂದ ಮೇಲೆ ನೀನೊಂದು ಸಲ ಒಳಗೆ ಹೋಗಿ ನೋಡಿ ಬಾ. ಯಾಕೆ ಏನು ಅಂತ ಕೇಳಬೇಡ. ಅಕ್ಕ ಹೇಳಿದ್ದನ್ನು ಮಾಡಿದರೆ ನಿನ್ನ ಗಂಟೇನೂ ಹೋಗಲ್ಲ.

ಇದ್ಯಾವುದನ್ನೂ ಅಂಕಣದಲ್ಲಿ ಹಾಕಬೇಡ. ಹೋದ ವರ್ಷ ನನ್ನ ಗೊರಕೆಯ ಬಗ್ಗೆ ಬರೆದೆ. ಅಳತೆ ಕೊಡೋಕೆ ಬಂದವರೆಲ್ಲ ಈಗಲೂ 'ನಿದ್ದೆ ಹೇಗಿದೆ ಮೇಡಂ' ಅಂತ ಕೇಳ್ತಾರೆ.

ಅಕ್ಕ


ಸೆಪ್ಟೆಂಬರ್ ೧೨
ಎರಡನೇ ಲಾಡ್ಜು

ಅಕ್ಕ,

ನಿನ್ನ ಉತ್ತರ ಇನ್ನೂ ದಾರಿಯಲ್ಲಿರಬೇಕು. ಬಾಯಿ ಕಟ್ಟಿ ಕೂರಲಾರದೆ ನಾನೇ ಬರೆಯುತ್ತಿದ್ದೇನೆ.

ಇಲ್ಲಿ ರುಚಿ ನೋಡುವುದು ಅಂತ ಒಂದು ವ್ರತವಿದೆ. ಪುಟ್ಟ ಲೋಟಕ್ಕೆ ವೈನ್ ಸುರಿಯುತ್ತಾರೆ. ಅದನ್ನು ತಿರುಗಿಸಬೇಕು, ಮೂಸಬೇಕು, ಬಾಯಿಗೆ ಹಾಕಿಕೊಂಡು ಸತ್ತವರನ್ನು ನೆನೆಯುವ ಮುಖ ಮಾಡಬೇಕು, ಆಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಬಕೆಟ್ಟಿಗೆ ಉಗುಳಬೇಕು. ಕಾರು ಓಡಿಸುವವನು ನಾನಾದ್ದರಿಂದ ಈ ಮೂರು ದಿನದಲ್ಲಿ ನನ್ನಷ್ಟು ಶ್ರದ್ಧೆಯಿಂದ ಉಗುಳಿದವರು ಈ ಸೀಮೆಯಲ್ಲೇ ಇಲ್ಲ. ಭಾವನವರು ಒಂದು ತೊಟ್ಟೂ ಮುಟ್ಟುವುದಿಲ್ಲ. ಬಾಟಲಿ ಹಿಡಿದವರ ಮಣಿಕಟ್ಟನ್ನೇ ನೋಡುತ್ತಾರೆ. 'ಕೊನೇ ಹನಿಗೆ ಮಣಿಕಟ್ಟು ತಿರುಗಿಸಲಿಲ್ಲ, ಮೇಜುಬಟ್ಟೆ ಹಾಳು' ಅನ್ನುತ್ತಾರೆ. ನೋಡಿದರೆ ನಿಜವಾಗಿ ಒಂದು ಕೆಂಪು ಚುಕ್ಕೆ.

ನಕ್ಷೆಯ ಇಲಾಖೆ ಅವರದೇ. ನಿನ್ನೆ ಒಂದು ಕಲ್ಲಿನ ಸೇತುವೆಯನ್ನು ಮೂರು ಸಲ ದಾಟಿಸಿದರು. ಅಷ್ಟು ಚೆಂದದ ಸೇತುವೆಯನ್ನು ಒಂದೇ ಸಲ ದಾಟುವುದು ಅಪಚಾರವಲ್ಲವೇ.

ಇನ್ನೊಂದು ಸಂಗತಿ ಕೇಳಿ ನಿನಗೆ ನಾಚಿಕೆಯಾಗಬೇಕು. ಇವತ್ತಿನ ಊಟಕ್ಕೆ ದ್ರಾಕ್ಷಿ ಚಪ್ಪರದ ಕೆಳಗೆ ಇಬ್ಬರ ಮೇಜು ಸಿಕ್ಕಿತು. ಭಾವನವರು ಸಪ್ಲೈಯರನ್ನು ಕರೆದು ಮೂರನೇ ತಟ್ಟೆ ಹಾಕಿಸಿದರು. ನಿನಗಾಗಿ. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಮೇಲೂ ಇಂಥ ಪ್ರೇಮ ಉಳಿದಿದೆಯೆಂದರೆ ಸಂಶೋಧನೆಗೆ ಕೊಡಬೇಕಾದ ವಿಷಯ.

ಗುಂಡ


ಸೆಪ್ಟೆಂಬರ್ ೧೪
ಮನೆ

ಗುಂಡ,

ನಾಚಿಕೊಂಡದ್ದಾಯಿತು. ಮೂರನೇ ತಟ್ಟೆ ಹಾಕಿಸುವಾಗ ಅವರು ಬಾಯಿಬಿಟ್ಟು ಏನಂದರು? ಅಂದ ಮಾತನ್ನು ಹಾಗೇ ಬರಿ. ನಿನ್ನ ಒಗ್ಗರಣೆ ಬೇಡ.

ಸೇತುವೆಯ ವಿಷಯಕ್ಕೆ ಅವರ ಮೇಲೆ ರೇಗಿದೆಯಾ? ರೇಗಬೇಡ. ನಕ್ಷೆ ಅವರ ಕೈಯಲ್ಲೇ ಇರಲಿ, ದಾರಿ ನೀನು ನೋಡಿಕೋ.

ಅಕ್ಕ


ಸೆಪ್ಟೆಂಬರ್ ೧೫
ಮೂರನೇ ಲಾಡ್ಜು

ಅಕ್ಕ,

ನಿನ್ನ ಹನ್ನೊಂದರ ಕಾಗದ ಸುತ್ತಿ ಬಳಸಿ ಇಲ್ಲಿಗೆ ಬಂತು. ಬೀಗ, ದಿಂಬಿನ ಕೆಳಗೆ ಕೀ, ಎಲ್ಲ ಆಜ್ಞೆ ಪಾಲಿಸಿದ್ದೇನೆ. ಈ ಸೀಮೆಯ ಕಳ್ಳರ ಬಗ್ಗೆ ನಿನಗೆ ಅಷ್ಟು ದೂರದಿಂದ ಹೇಗೆ ಗೊತ್ತಾಯಿತೋ. ಸ್ನಾನದ ಮನೆಯನ್ನೂ ಇನ್‌ಸ್ಪೆಕ್ಟರ್ ಹಾಗೆ ಪರಿಶೀಲಿಸಿದೆ. ನಲ್ಲಿ ಸ್ವಲ್ಪ ಸಡಿಲ, ಅಷ್ಟೇ. ಸೂಪಿನ ಮಧ್ಯೆ ಎಷ್ಟು ಹೊತ್ತು ಅಂತ ಗಡಿಯಾರ ನೋಡಲಿಲ್ಲ.

ಒಂದು ಮಾತು ಹೇಳಲಾ? ಹದಿನೆಂಟನ್ನು ಮುಂದಕ್ಕೆ ಹಾಕಿದರೆ ಹೇಗೆ? ಇಲ್ಲಿ ಸೆಖೆ ಜಾಸ್ತಿ. ದ್ರಾಕ್ಷಿ ಕೊಯ್ಲು ಬೇರೆ ನಡೆದಿದೆ, ತೋಟದವರಿಗೂ ಪುರುಸೊತ್ತಿರಲ್ಲ. ಪ್ರಯಾಣದಲ್ಲಿ ಯಾರಿಗಾದರೂ ಆಯಾಸ ಆಗುತ್ತೆ. ಎರಡು ವರ್ಷ ಮನೆಯಲ್ಲಿ ಕೂತವರನ್ನು ಏಕ್‌ದಂ ಹನ್ನೆರಡು ಜನರ ಮುಂದೆ ನಿಲ್ಲಿಸುವುದು ಯಾಕೋ ನನಗೆ ಸರಿಬರುತ್ತಿಲ್ಲ. ನೀನು ಒಂದು ಮಾತು ಹೇಳಿದರೆ ಕೇಳುತ್ತಾರೆ. ಫೋನಿನಲ್ಲಿ ಬೇಡ.

ಭಾವನವರು ಮಾತ್ರ ಹುಮ್ಮಸ್ಸಿನಲ್ಲಿದ್ದಾರೆ. ಕರಿ ಪ್ಯಾಂಟನ್ನು ದಿನಾ ಇಸ್ತ್ರಿ ಮಾಡುತ್ತಾರೆ. ಇವತ್ತು ಎರಡು ಸಲ ಮಾಡಿದರು.

ಹನ್ನೆರಡು ಜನರಲ್ಲಿ ನಾನೂ ಒಬ್ಬ. ಏನಾದರೂ ಆದರೆ ನಾನಿದ್ದೇನೆ. ಆಗುವುದೇನೂ ಇಲ್ಲ ಬಿಡು.

ಗುಂಡ


ಸೆಪ್ಟೆಂಬರ್ ೧೭
ಮನೆ

ಗುಂಡ,

ನಿನ್ನ ಕಾಗದದಲ್ಲಿ ಒಂದೂ ತಮಾಷೆ ಇರಲಿಲ್ಲ. ಅಲ್ಲಿಗೆ ನಿನಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯಿತು.

ಹೌದು, ಅವರಿಗೆ ಮರೆಯುತ್ತಿದೆ. ಒಂದು ವರ್ಷದಿಂದ. ನಾನು ಅಂಗಡಿ ಮೆಟ್ಟಿಲಲ್ಲಿ ಜಾರಲಿಲ್ಲ. ಅವರು ಬಚ್ಚಲಿನ ನಲ್ಲಿ ತೆರೆದಿಟ್ಟು ವಾಕಿಂಗ್ ಹೋಗಿದ್ದರು, ನಡುಮನೆವರೆಗೆ ನೀರು. ಅವರಿಗೆ ಅದು ಇವತ್ತಿಗೂ ಗೊತ್ತಿಲ್ಲ, ನಾನು ಹೇಳಿಲ್ಲ. ಒಂದು ಸಲ ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದು, ಮುಚ್ಚಿಹೋದ ಹೋಟೆಲಿಗೆ ಡ್ಯೂಟಿಗೆ ಹೋಗಿದ್ದರು. ಬೀಗ ಅದಕ್ಕೇ. ಕಳ್ಳರಿಗಲ್ಲ ಮಹರಾಯ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನಿನ್ನ ಬಾಯಿ, ನಿನ್ನ ಪೆನ್ನು ಎರಡೂ ಸೋರುತ್ತವೆ.

ಆದರೆ ಒಂದು ವಿಷಯ ನೀನು ತಿಳಿಯಲೇಬೇಕು. ಮೇಜು ಅವರಿಗೆ ಮರೆತಿಲ್ಲ. ಹೋದ ತಿಂಗಳು ಅಂಗಡಿಯ ಹುಡುಗಿಯರನ್ನೂ ಅಕ್ಕಪಕ್ಕದವರನ್ನೂ ಊಟಕ್ಕೆ ಕರೆದು ಪರೀಕ್ಷೆ ಮಾಡಿದೆ. ಹತ್ತು ಜನ, ಹತ್ತು ಥರದ ಬೇಡಿಕೆ. ಒಬ್ಬಳಿಗೆ ಉಪ್ಪು ಕಮ್ಮಿ, ಒಬ್ಬಳಿಗೆ ಈರುಳ್ಳಿ ಬೇಡ. ಒಂದೂ ತಪ್ಪಲಿಲ್ಲ. ಎಲ್ಲರೂ ಹೋದ ಮೇಲೆ 'ಇವತ್ತು ಯಾರಾದ್ರೂ ಬಂದಿದ್ರಾ' ಅಂತ ಕೇಳಿದರು. ಆದರೂ ಮೇಜು ತಪ್ಪಲಿಲ್ಲ.

ಅದೊಂದು ಸರಿ ಇದೆ ಅಂತ ಅವರ ಕಣ್ಣಿಗೆ ಬಿದ್ದರೆ, ಉಳಿದದ್ದಕ್ಕೆ ಡಾಕ್ಟರ ಹತ್ತಿರ ಹೋಗೋಣ ಅನ್ನಬಹುದು. ಅದಕ್ಕೇ ಹದಿನೆಂಟು ಬೇಕು. ಮುಂದಕ್ಕೆ ಹಾಕಬೇಡ. ನೀನು ಏನೂ ಮಾಡಬೇಡ. ಸುಮ್ಮನೆ ಕೂತು ಊಟ ಮಾಡು. ಇದನ್ನು ತುರ್ತು ಟಪಾಲಿಗೆ ಹಾಕಿಸುತ್ತಿದ್ದೇನೆ, ನಾಳೆ ಬೆಳಿಗ್ಗೆಯೊಳಗೆ ನಿನ್ನ ಕೈಗೆ ಸಿಗಬೇಕು.

ಅಕ್ಕ


ಸೆಪ್ಟೆಂಬರ್ ೧೮, ಸಂಜೆ
ಕೊನೆಯ ಲಾಡ್ಜು

ಅಕ್ಕ,

ಇನ್ನು ಆಟ ಸಾಕು. ನಾನು ನಿನಗೆ ಸುಳ್ಳು ಬರೆದೆ.

ಸೂಪು ಹಿಡಿಸಿ ಎರಡು ಸಲ ತರಿಸಿದ್ದಲ್ಲ. ಕುಡಿದ ಹತ್ತು ನಿಮಿಷಕ್ಕೆ 'ಸೂಪು ಹೇಳಿ ಎಷ್ಟೊತ್ತಾಯ್ತು, ಇನ್ನೂ ಬಂದಿಲ್ಲ' ಅಂದರು. ಸೇತುವೆಯನ್ನು ಮೂರು ಸಲವೂ ಹೊಸದು ಅಂದುಕೊಂಡೇ ದಾಟಿದರು. ಮೂರನೇ ತಟ್ಟೆಗೆ ಅವರಂದ ಮಾತು ನಿನಗೆ ಬೇಕಿತ್ತಲ್ಲ, ತಗೋ: 'ನಿನ್ನ ಅಕ್ಕ ಕೈ ತೊಳೆಯೋಕೆ ಹೋದಳು, ಬರಲಿ, ಆಮೇಲೆ ಶುರು ಮಾಡೋಣ.' ಅರ್ಧ ಗಂಟೆ ಕಾದೆವು. ನಿನ್ನ ಕಾಲು ಮುರಿದಿರುವಾಗ ಇನ್ನೊಂದು ಚಿಂತೆ ಯಾಕೆ ಅಂತ ತಮಾಷೆ ಮಾಡಿ ಬರೆದೆ.

ಇವತ್ತು ಬೆಳಿಗ್ಗೆ ಕಾಫಿಗೆ ಕೂತಾಗ 'ಎಲ್ಲಿಗೆ ಹೊರಟಿದ್ದೀವಿ' ಅಂತ ಮೂರು ಸಲ ಕೇಳಿದರು.

ಮೇಜು ದುಂಡಗಿತ್ತು. ನಾನು ನಾಲ್ಕನೇ ಕುರ್ಚಿ. ಪಕ್ಕದ ಐದರಲ್ಲಿ ಹಲ್ಲಿನ ಡಾಕ್ಟರಮ್ಮ. ಅಣಬೆ ತಿಂದರೆ ಮುಖ ಊದಿಕೊಳ್ಳುತ್ತೆ, ಒಂದು ಚೂರೂ ಇರಬಾರದು ಅಂತ ಎರಡೆರಡು ಸಲ ಹೇಳಿದರು. ಪಾಲುದಾರ ಎದುರಿಗೆ, ಮಡಿಲಲ್ಲಿ ಪುಸ್ತಕ. ಒಡತಿ ಗೋಡೆಗೆ ಒರಗಿ ನಿಂತಿದ್ದರು. ಭಾವನವರು ಕೈ ಹಿಂದೆ ಕಟ್ಟಿ, ಒಬ್ಬೊಬ್ಬರ ಬಳಿ ಬಗ್ಗಿ, ಹನ್ನೆರಡೂ ಜನರನ್ನು ಕೇಳಿ ಅಡುಗೆಮನೆಗೆ ಹೋದರು. ಆ ಬಾಗಿಲಿಗೆ ದುಂಡನೆಯ ಗಾಜು. ಅದರಲ್ಲಿ ಅವರ ತಲೆ ಕಾಣುತ್ತಿತ್ತು. ಅಲ್ಲಾಡಲಿಲ್ಲ ಅಕ್ಕ. ಐದು ನಿಮಿಷ, ಹತ್ತು ನಿಮಿಷ, ಹಾಗೇ ನಿಂತಿತ್ತು. ಮುಗಿಯಿತು, ಎಲ್ಲ ಅಳಿಸಿಹೋಗಿದೆ ಅಂದುಕೊಂಡೆ.

ಆಗ ನನಗೊಂದು ಬುದ್ಧಿ ಹೊಳೆಯಿತು. ಹೇಗೂ ತಪ್ಪುತ್ತದೆ. ತಪ್ಪಿದ್ದಕ್ಕೆ ಅವರ ತಲೆ ಕಾರಣ ಆಗುವ ಬದಲು ನನ್ನ ತಲೆಹರಟೆ ಕಾರಣ ಆಗಲಿ. ಕಿಟಕಿಯ ಬಿಸಿಲಿನ ನೆಪ ತೆಗೆದು ಎದ್ದೆ. 'ನೀವು ಇಲ್ಲಿ ಬನ್ನಿ, ನೀವು ಅಲ್ಲಿ ಕೂತ್ಕೊಳ್ಳಿ' ಅಂತ ಹೇಳಿ, ನಾನೂ ಸೇರಿ ಐದು ಜನರ ಕುರ್ಚಿ ಬದಲಾಯಿಸಿದೆ. ನಗೆ ಅಂಕಣಕಾರನ ಚೇಷ್ಟೆ ಅಂತ ಎಲ್ಲರೂ ನಕ್ಕರು.

ತಟ್ಟೆಗಳು ಬಂದವು. ಮೀನು ಕೇಳಿದವರಿಗೆ ಚೀಸು, ಚೀಸು ಕೇಳಿದ ನನಗೆ ಮಾಂಸ. ಡಾಕ್ಟರಮ್ಮನ ಮುಂದೆ ಹಬೆಯಾಡುವ ಅಣಬೆ. ಅವರು ತಟ್ಟೆಯನ್ನು ಎರಡು ಕೈಯಿಂದ ದೂರ ತಳ್ಳಿದರು. ನಾನು ಎದ್ದು, ತಪ್ಪು ನನ್ನದು, ಜಾಗ ಬದಲಾಯಿಸಿದವನು ನಾನು ಅಂದೆ.

ಪಾಲುದಾರ ಪುಸ್ತಕ ಮುಚ್ಚಿದ. 'ಗಿರಾಕಿ ಜಾಗ ಬದಲಾಯಿಸಿದ್ರೆ ಗೊತ್ತಾಗಬೇಕಾದದ್ದು ಯಾರಿಗೆ ಸಾರ್?' ಅಂದ.

ಭಾವನವರು 'ಕ್ಷಮಿಸಿ' ಅಂದರು. ಹೋಗಿ ಕಾರಿನಲ್ಲಿ ಕೂತರು. ಕೆಲಸ ಹೋಯಿತು, ಮಾನ ಉಳಿಸಿದೆ ಅಂದುಕೊಂಡಿದ್ದೇನೆ. ಉಳಿಸಿದೆನಾ?

ಗುಂಡ


ಸೆಪ್ಟೆಂಬರ್ ೧೯
ಅದೇ ಲಾಡ್ಜು

ಅಕ್ಕ,

ನಿನ್ನ ಹದಿನೇಳರ ತುರ್ತು ಕಾಗದ ಒಂದು ದಿನ ತಡವಾಗಿ ಇವತ್ತು ಬೆಳಿಗ್ಗೆ ಬಂತು. 'ಮೇಜು ಅವರಿಗೆ ಮರೆತಿಲ್ಲ' ಅನ್ನುವ ಸಾಲು ಓದಿ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಆಮೇಲೆ ಕವರಿನ ಹಿಂದೆ ಒಂದು ವೃತ್ತ ಬರೆದು, ಹನ್ನೆರಡು ಕುರ್ಚಿ ಗುರುತು ಹಾಕಿ, ಯಾರು ಎಲ್ಲಿದ್ದರು, ಯಾವ ತಟ್ಟೆ ಎಲ್ಲಿಗೆ ಬಂತು ಅಂತ ಒಂದೊಂದೇ ತುಂಬಿದೆ. ಕದಲದೆ ಕೂತ ಏಳು ಜನರಿಗೂ ಅವರವರದೇ ತಟ್ಟೆ ಬಂದಿತ್ತು. ನಿನ್ನೆ ಆ ಕಡೆ ನಾನು ನೋಡಲೇ ಇಲ್ಲ. ಉಳಿದ ಐದೂ, ಅವರು ಮೊದಲು ಕೂತಿದ್ದ ಕುರ್ಚಿಗೆ ಸರಿಯಾಗಿ ಬಂದಿದ್ದವು. ಹನ್ನೆರಡಕ್ಕೆ ಹನ್ನೆರಡು. ಗಾಜಿನಲ್ಲಿ ಅಲ್ಲಾಡದೆ ನಿಂತ ತಲೆ ಅಡುಗೆಯವರಿಗೆ ಆರ್ಡರ್ ಹೇಳಿ, ತಟ್ಟೆಗಾಗಿ ಕಾಯುತ್ತಿತ್ತು ಅಷ್ಟೇ. ಅದನ್ನು ಕೆಡಿಸಿದವನು ನಾನೊಬ್ಬನೇ.

ಅಂಗಳದಲ್ಲಿ ಕೂತಿದ್ದರು. ಹೋಗಿ ಕವರು ಮುಂದೆ ಹಿಡಿದು ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಅವರು ವೃತ್ತವನ್ನು ಬೆರಳಿನಿಂದ ಒಂದು ಸುತ್ತು ಹಾಕಿದರು.

'ಕುರ್ಚಿ ಬದಲಾಗಿದ್ದು ಬಾಗಿಲು ತಳ್ಳಿ ಬಂದಾಗಲೇ ಕಂಡಿತಪ್ಪ. ಡಾಕ್ಟರಮ್ಮ ಐದರಿಂದ ಎಂಟಕ್ಕೆ ಹೋಗಿದ್ರು. ನೀನು ಹತ್ತರಲ್ಲಿ ಕೂತು ಬೆವರ್ತಿದ್ದೆ.'

'ಕಂಡ ಮೇಲೂ ಯಾಕೆ ಭಾವ ಹಳೇ ಕುರ್ಚಿಗೇ ಇಟ್ರಿ?'

'ಮೊನ್ನೆ ನಿನ್ನ ಅಕ್ಕ ಕೈ ತೊಳೆಯೋಕೆ ಎದ್ದು ಹೋಗಿದ್ದೂ ಕಂಡಿತ್ತಲ್ಲ. ಅವಳು ಬಂದೇ ಇರಲಿಲ್ಲ. ಇತ್ತೀಚೆಗೆ ಕಾಣೋದರಲ್ಲಿ ಯಾವುದು ಇದೆ, ಯಾವುದು ಇಲ್ಲ, ನನಗೆ ತಿಳಿಯಲ್ಲ. ಅದಕ್ಕೇ ಕಣ್ಣು ಬಿಟ್ಟು ನೆನಪನ್ನ ನಂಬಿದೆ.'

ಕವರನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಒಡತಿಗೆ ಫೋನ್ ಮಾಡಿ ನಿಜ ಹೇಳಿದೆ. ಪಾಲುದಾರನನ್ನು ತಾನು ನೋಡಿಕೊಳ್ಳುತ್ತೇನೆ, ನಾಳೆಯೇ ಇನ್ನೊಂದು ಮೇಜು ಹಾಕಿಸುತ್ತೇನೆ ಅಂದರು. ಭಾವನವರು ಒಪ್ಪಲಿಲ್ಲ. ಸ್ಪೀಕರ್ ಹಾಕದೆ ಫೋನನ್ನು ಕಿವಿಗೇ ಹಿಡಿದು ಮಾತಾಡಿದರು: 'ಬೇಡಮ್ಮ. ಆಗಲ್ಲ ಅಂದವರ ಮುಂದೆ ಅಣಬೆ ಇಟ್ಟವನು ನಾನು. ಅವರು ಒಂದು ಚಮಚ ಬಾಯಿಗೆ ಹಾಕ್ಕೊಂಡಿದ್ರೆ? ಡಾಕ್ಟರಿಗೆ ತೋರಿಸ್ಕೊಂಡು, ಏನಂದ್ರು ಅಂತ ನಾನೇ ಬಂದು ಹೇಳ್ತೀನಿ. ಆಮೇಲೂ ನಾನು ಬೇಕು ಅನ್ನಿಸಿದ್ರೆ ಹೇಳಿ.'

ನೀನು ಕಾದಿದ್ದ ಮಾತು ಅವರ ಬಾಯಿಂದಲೇ ಬಂತು. ಆದರೆ ಫೋನ್ ಇಟ್ಟ ಮೇಲೆ ನನ್ನ ಕೈ ಹಿಡಿದು ಇನ್ನೊಂದು ಮಾತು ಅಂದರು: 'ನಿನ್ನ ಅಕ್ಕನಿಗೆ ಮಾತ್ರ ಹೇಳಬೇಡ. ಕಾಲು ಬೇರೆ ಮುರ್ಕೊಂಡಿದ್ದಾಳೆ, ಹೆದರ್ಕೋತಾಳೆ. ಡಾಕ್ಟರ ಹತ್ತಿರ ನಾವಿಬ್ಬರೇ ಹೋಗಿ ಬಂದುಬಿಡೋಣ.' ಹೇಳುವುದಿಲ್ಲ ಅಂತ ಮಾತು ಕೊಟ್ಟು, ರೂಮಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ಮೂರರವರೆಗೆ ಇಲ್ಲೇ ಇರುತ್ತೇವೆ. ನಾನು ಏನು ಮಾಡಲಿ, ನೀನೇ ಹೇಳು. ಈ ಸಲ ಹೇಳಿದಷ್ಟೇ ಮಾಡುತ್ತೇನೆ.

ಗುಂಡ


ಸೆಪ್ಟೆಂಬರ್ ೨೧
ಮನೆ

ಗುಂಡ,

ಎರಡೂ ಕಾಗದ ಬಂದವು. ನಿನ್ನ ಮೇಲೆ ಬಂದ ಕೋಪವನ್ನು ಅರ್ಧ ನನ್ನ ಮೇಲೆ ಹಾಕಿಕೊಂಡಿದ್ದೇನೆ. ಒಂದು ವಾರ ಮೊದಲು ನಾನು ಬಾಯಿ ಬಿಟ್ಟಿದ್ದರೆ ನೀನು ಸುಮ್ಮನೆ ಕೂತು ಊಟ ಮಾಡುತ್ತಿದ್ದೆ. ಮಿಕ್ಕ ಅರ್ಧ ಕೋಪ ನಿನಗಾಗಿ ಇಟ್ಟಿದ್ದೇನೆ, ಮನೆಗೆ ಬಾ.

ಈಗ ಮಾಡಬೇಕಾದದ್ದು ಇಷ್ಟೇ. ಈ ಹಾಳೆಯನ್ನು ಹಾಗೇ ಅವರ ಕೈಗೆ ಕೊಟ್ಟು ಹೊರಗೆ ಹೋಗು. ಓದಿ ಹೇಳಬೇಡ, ಅರ್ಥ ಬಿಡಿಸಬೇಡ, ಪಕ್ಕದಲ್ಲಿ ನಿಂತು ಮುಖ ನೋಡಬೇಡ. ಇಲ್ಲಿಂದ ಕೆಳಗಿರುವುದು ಅವರಿಗೆ.

ರೀ,

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಡಾಕ್ಟರು ಬರೋಕೆ ಹೇಳಿದ್ದಾರೆ. ಹೆಸರು ಬರೆಸಿದವಳು ನಾನು. ನಿಮಗೆ ಮರೆಯುತ್ತಿರೋದು ನನಗೆ ಹೋದ ವರ್ಷದಿಂದ ಗೊತ್ತು. ನನಗೆ ಗೊತ್ತಾಗಬಾರದು ಅಂತ ನೀವು ಪಟ್ಟ ಪಾಡೂ ಗೊತ್ತು. ನಾನೂ ನಿಮ್ಮ ಮುಂದೆ ಏನೂ ಆಗದ ಹಾಗೆ ಹೊಲಿದುಕೊಂಡು ಕೂತಿದ್ದೆ.

ಕಂಡದ್ದು ನಿಜವೋ ಅಲ್ಲವೋ ಅಂತ ಅನುಮಾನ ಬಂದರೆ ಪಕ್ಕದಲ್ಲಿ ಯಾರಿದ್ದಾರೋ ಅವರನ್ನ ಕೇಳಿ. ನಾನಿದ್ದರೆ ನನ್ನ ಕೇಳಿ. ಒಂದೇ ಮಾತು ದಿನಕ್ಕೆ ನೂರು ಸಲ ಕೇಳಿದರೂ ನೂರು ಸಲ ಹೇಳ್ತೀನಿ. ನೂರ ಒಂದನೇ ಸಲ ರೇಗಬಹುದು, ಆಮೇಲೆ ಹೇಳ್ತೀನಿ.

ಡಾಕ್ಟರ ಹತ್ತಿರ ನನ್ನ ಬಿಟ್ಟು ಹೋಗಬೇಡಿ. ನಾನು ಹೆದರ್ಕೋತೀನಿ ಅಂದಿರಂತೆ. ಹೆದರಿದ್ದೀನಿ ಕಣ್ರೀ. ಒಂದು ವರ್ಷದಿಂದ ಒಬ್ಬಳೇ ಹೆದರಿ ಸಾಕಾಗಿದೆ. ಬೇಗ ಬನ್ನಿ.